‘ಭಾಗಶಃ’ ಹೋಗಿ ‘ಮತ್ತು’ ಉಳಿದದ್ದು: ಗ್ರಂಥ, ಪರಂಪರೆ ಕುರಿತ ಟಿಪ್ಪಣಿ

ಕಥೋಲಿಕ ಧರ್ಮಸಭೆ ಬೈಬಲ್ಲಿನ ಜೊತೆಗೆ ಮಾನ್ಯ ಮಾಡುವ ಪವಿತ್ರ ಪರಂಪರೆಯೆಂದರೆ ಬೈಬಲ್ಲಿನಲ್ಲಿ ಬರೆಯದೆ ಉಳಿದ ಸಂಗತಿಗಳ ಅನುಬಂಧವೆಂದು ನಾನು ಬಹಳ ದಿನ ತಿಳಿದಿದ್ದೆ. ಆ ಧರ್ಮಸಭೆಯ ಟ್ರೆಂಟ್ ಮಹಾಸಭೆ ಸಿದ್ಧಪಡಿಸಿದ ಕರಡಿನಲ್ಲಿ ಸತ್ಯವು ಭಾಗಶಃ ಗ್ರಂಥಗಳಲ್ಲಿ, ಭಾಗಶಃ ಅಲಿಖಿತ ಪರಂಪರೆಗಳಲ್ಲಿ ಇದೆ ಎಂದಿತ್ತು. 1546ರ ಏಪ್ರಿಲ್ 8ರಂದು ಅಂಗೀಕಾರವಾದ ಪಾಠದಲ್ಲಿ ಎರಡೂ ‘ಭಾಗಶಃ’ಗಳು ಹೋಗಿ ‘ಮತ್ತು’ ಎಂಬುದಷ್ಟೇ ಉಳಿಯಿತು. ಈ ಬದಲಾವಣೆಯ ಉದ್ದೇಶದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಎರಡನೇ ವ್ಯಾಟಿಕನ್ ಮಹಾಸಭೆಯ 1965ರ ದಾಖಲೆ ‘ದೇಯಿ ವೆರ್ಬುಮ್’, ಗ್ರಂಥ ಮತ್ತು ಪರಂಪರೆ ಎರಡೂ ಒಂದೇ ಊಟೆಯಿಂದ ಹರಿಯುತ್ತವೆ ಎನ್ನುವುದರಿಂದ ಅನುಬಂಧದ ಲೆಕ್ಕ ಅಲ್ಲಿ ನಿಲ್ಲುವುದಿಲ್ಲ.

ನನಗೆ ಇದು ಬಿಡಿಸಿ ತಿಳಿದದ್ದು ಮತ್ತಾಯ 13:55ರಲ್ಲಿ. ಅಲ್ಲಿ ಯೇಸುವಿನ ‘ಸಹೋದರರು’ ಎಂದು ನಾಲ್ವರ ಹೆಸರಿದೆ. ಹಾಗಾದರೆ ಯೇಸುವಿನ ತಾಯಿ ಮರಿಯಮ್ಮ ನಿತ್ಯಕನ್ಯೆ, ಅಂದರೆ ಕೊನೆಯವರೆಗೂ ಕನ್ಯೆ, ಎಂಬ ನಂಬಿಕೆ ಹೇಗೆ ನಿಲ್ಲುತ್ತದೆ ಎಂಬ ಪ್ರಶ್ನೆ ಏಳುತ್ತದೆ. ದೊಡ್ಡಪ್ಪನ ಮಗನನ್ನೂ ಅಣ್ಣನೆಂದೇ ಕರೆಯುವ ನಮಗೆ ಇದು ತೊಡಕೆನಿಸದು. ಆದಿಕಾಂಡ 13:8ರಲ್ಲಿಯೂ ಅಬ್ರಾಮನು ಒಡಹುಟ್ಟಿದವನ ಮಗನಾದ ಲೋಟನನ್ನು ಸಹೋದರನ ಸಾಲಿಗೇ ಸೇರಿಸಿ ಮಾತನಾಡುತ್ತಾನೆ. ಇಷ್ಟಕ್ಕೆ ಪ್ರಶ್ನೆ ಮುಗಿಯಿತೆಂದು ಟಿಪ್ಪಣಿಯಲ್ಲಿ ಗೆರೆ ಎಳೆದಿದ್ದೆ, ಆ ಗೆರೆಯನ್ನು ಅಳಿಸಬೇಕಾಯಿತು. ಏಕೆಂದರೆ ದಾಯಾದಿ ಸೋದರನಿಗೆ ಗ್ರೀಕಿನಲ್ಲಿ ‘ಅನೆಪ್ಸಿಯೋಸ್’ ಎಂಬ ಬೇರೆ ಪದವೇ ಇದ್ದು, ಕೊಲೊಸ್ಸೆಯರಿಗೆ ಬರೆದ ಪತ್ರದಲ್ಲಿ (4:10) ಅದು ಬಳಕೆಯಾಗಿದೆ. ಹಾಗಾಗಿ ‘ಸಹೋದರ’ ಪದಕ್ಕೆ ವಿಶಾಲ ಅರ್ಥ ಸಾಧ್ಯವೆಂದು ವ್ಯಾಕರಣ ತೋರಿಸುತ್ತದೆ, ಅದೇ ಅರ್ಥವೆಂದು ತೀರ್ಪು ಕೊಡುವುದಿಲ್ಲ.

ಆ ತೀರ್ಪು ಬಂದದ್ದು ಮರಿಯಮ್ಮ ನಿತ್ಯಕನ್ಯೆ ಎಂದು ಧರ್ಮಸಭೆ ನಂಬುತ್ತಾ, ಪ್ರಾರ್ಥಿಸುತ್ತಾ ಬಂದ ಓದಿನಿಂದ. ಗಮನಿಸಬೇಕಾದದ್ದೆಂದರೆ, ನಾಲ್ಕನೆಯ ಶತಮಾನದಲ್ಲಿ ಧರ್ಮಪಂಡಿತ ಸಂತ ಜೆರೋಮರು ಆ ‘ಸಹೋದರರನ್ನು’ ಚಿಕ್ಕಮ್ಮ ದೊಡ್ಡಮ್ಮನ ಮಕ್ಕಳೆಂದರು, ಬಿಷಪ್ ಎಪಿಫಾನಿಯುಸರು ಮರಿಯಮ್ಮನ ಪತಿ ಜೋಸೆಫರ ಮೊದಲ ಮದುವೆಯ ಮಕ್ಕಳೆಂದರು. ವಿವರಣೆ ಬೇರೆಯಾದರೂ ಇಬ್ಬರೂ ಆ ನಂಬಿಕೆಯೊಳಗೇ ಇದ್ದರು. ಪರಂಪರೆ ಇಲ್ಲಿ ಎಲ್ಲೆಯನ್ನು ಹಾಕಿತು, ನಂಟಿನ ವಿವರವನ್ನು ಓದುಗರಿಗೇ ಬಿಟ್ಟಿತು.

ಗ್ರಂಥ, ಪರಂಪರೆಗಳ ಬಗ್ಗೆ ಉಳಿದ ಮಾತುಗಳು ಸುಲಭ. ಸಂತ ಪೌಲರು ‘ಬಾಯಿಮಾತಿನಿಂದಾಗಲಿ ಪತ್ರದಿಂದಾಗಲಿ’ ಕಲಿತದ್ದನ್ನು ಹಿಡಿದುಕೊಳ್ಳಲು ಹೇಳುತ್ತಾರೆ (2 ಥೆಸಲೋನಿಯ 2:15). ಧರ್ಮಸಭೆಯ ಬೋಧನಾಧಿಕಾರವು (ಪೋಪರೂ ಬಿಷಪರೂ ಬೋಧಿಸುವ ಅಧಿಕಾರ) ದೇವರ ವಾಕ್ಯದ ಮೇಲಿನದಲ್ಲ, ಅದರ ಸೇವೆಗಿರುವುದು (ದೇಯಿ ವೆರ್ಬುಮ್, 10). ಆದರೆ ಯೇಸು ಕಳುಹಿಸಿದ ಪ್ರೇಷಿತರಿಂದ ಬಂದ ಪರಂಪರೆಯನ್ನೂ ಕಾಲದ ರೂಢಿಗಳನ್ನೂ ಬೆರೆಸಬಾರದು: ಒಂದು ಕಾಲಕ್ಕೆ ಲ್ಯಾಟಿನ್ನಿನಲ್ಲೇ ನಡೆಯುತ್ತಿದ್ದ ಬಲಿಪೂಜೆ ನಮ್ಮ ಚರ್ಚುಗಳಲ್ಲಿ ಕನ್ನಡಕ್ಕೆ ಬಂದಾಗ ಬದಲಾದದ್ದು ರೂಢಿ ಮಾತ್ರ.