ಸಿಂಧೂ ದಡದವನು ಮಾಡಿದ ತಪ್ಪೇನು?

ದೇವರನ್ನು ನಂಬದವರು ಇಟಲಿಯ ಕವಿ ಡಾಂಟೆಯನ್ನು ಓದಿ ಮೆಚ್ಚಬಹುದೇ? ನರಕ, ಶುದ್ಧೀಕರಣಲೋಕ, ಸ್ವರ್ಗಗಳನ್ನು ಕವಿಯೇ ಸುತ್ತಿಬರುವ ಅವನ ಕಾವ್ಯ 'ಡಿವೈನ್ ಕಾಮೆಡಿ' ಕೆಲವರಿಗೆ ಶ್ರದ್ಧೆಯ ಶಿಖರ, ಕೆಲವರಿಗೆ ಛಂದಸ್ಸಿಗೆ ಕೂರಿಸಿದ ಚಿತ್ರಹಿಂಸೆ. ಜಗಳ ಹಳೆಯದು.

1302ರಲ್ಲಿ ಫ್ಲಾರೆನ್ಸಿನಿಂದ ಗಡೀಪಾರಾದ ಕವಿ, ಪರಊರುಗಳಲ್ಲಿ ಅಲೆಯುತ್ತಲೇ ಕಾವ್ಯ ಮುಗಿಸಿ 1321ರಲ್ಲಿ ರವೆನ್ನಾದಲ್ಲಿ ತೀರಿಕೊಂಡ. ಆಮೇಲೆ ಭಾಷ್ಯದ ಮೇಲೆ ಭಾಷ್ಯ. 18ನೇ ಶತಮಾನದಲ್ಲಿ ಫ್ರೆಂಚ್ ಲೇಖಕ ವೋಲ್ಟೇರ್, ಯಾರೂ ಓದದ್ದರಿಂದಲೇ ಅವನ ಕೀರ್ತಿ ಬೆಳೆಯುತ್ತಿದೆ ಎಂದು ಕುಟುಕಿದ. ರೊಮ್ಯಾಂಟಿಕ್ ಕಾಲದವರು ಸ್ವರ್ಗವನ್ನು ಬದಿಗಿಟ್ಟು, ಮೈದುನನನ್ನು ಪ್ರೀತಿಸಿ ನರಕ ಸೇರಿದ ಫ್ರಾನ್ಸೆಸ್ಕಾಳಿಗಾಗಿ ಕಣ್ಣೀರಿಟ್ಟರು. 1929ರಲ್ಲಿ ಇಂಗ್ಲಿಷ್ ಕವಿ ಟಿ.ಎಸ್. ಎಲಿಯಟ್, ಕವಿಯ ನಂಬಿಕೆ ಅರ್ಥವಾದರೆ ಸಾಕು, ಅದನ್ನು ನಾವೂ ನಂಬಬೇಕಿಲ್ಲ ಎಂದ. ಸಂದೇಹವಾದಿಗಳು ಇಂದಿಗೂ ಈ ರಹದಾರಿ ತೋರಿಸಿಯೇ ಒಳಹೋಗುತ್ತಾರೆ. 2012ರಲ್ಲಂತೂ ಯಹೂದಿಗಳನ್ನೂ ಮುಸ್ಲಿಮರನ್ನೂ ಹೀನಾಯವಾಗಿ ಚಿತ್ರಿಸಿದೆಯೆಂದು, ಕಾವ್ಯವನ್ನು ಇಟಲಿಯ ಶಾಲೆಗಳ ಪಠ್ಯದಿಂದ ಕೈಬಿಡಬೇಕೆಂಬ ಬೇಡಿಕೆ ಎದ್ದಿತು. ಪೈಗಂಬರರನ್ನು ನರಕದಲ್ಲಿ ತೋರಿಸುವ ಸರ್ಗ ಓದಿದವರಿಗೆ ಆ ಸಿಟ್ಟು ಅರ್ಥವಾಗದೇನಿಲ್ಲ.

ಆದರೆ ಈ ಗದ್ದಲದಲ್ಲಿ ಸ್ವರ್ಗದ ಕಥೆಯಾದ ಮೂರನೇ ಭಾಗದ 19ನೇ ಸರ್ಗವನ್ನು ಓದುವವರೇ ಕಡಿಮೆ. ಅಲ್ಲಿ ನ್ಯಾಯವಂತ ದೊರೆಗಳ ಆತ್ಮಗಳೆಲ್ಲ ಸೇರಿ ಒಂದು ಹದ್ದಿನ ರೂಪ ತಾಳಿವೆ. ಡಾಂಟೆಯನ್ನು ಬಹುಕಾಲದಿಂದ ಕೊರೆಯುತ್ತಿದ್ದ ಸಂದೇಹವನ್ನು ಆ ಹದ್ದೇ ಬಾಯಿಬಿಟ್ಟು ಹೇಳುತ್ತದೆ: ಸಿಂಧೂ ನದಿಯ ದಡದಲ್ಲಿ ಒಬ್ಬ ಹುಟ್ಟುತ್ತಾನೆ. ಕ್ರಿಸ್ತನ ಬಗ್ಗೆ ಅಲ್ಲಿ ಹೇಳುವವರಿಲ್ಲ, ಓದುವವರಿಲ್ಲ, ಬರೆಯುವವರಿಲ್ಲ. ಅವನ ನಡೆನುಡಿಯಲ್ಲಿ ಪಾಪವಿಲ್ಲ. ದೀಕ್ಷಾಸ್ನಾನವಿಲ್ಲದೆ ಸಾಯುತ್ತಾನೆ. ಅವನನ್ನು ದಂಡಿಸುವುದು ಎಲ್ಲಿಯ ನ್ಯಾಯ? ಅವನ ತಪ್ಪೇನು?

ನಮ್ಮ ಉಪಖಂಡದವನನ್ನೇ ಸಾಕ್ಷಿಗೆ ಕರೆದ ಈ ಪ್ರಶ್ನೆಗಿಂತ ಹರಿತವಾದದ್ದನ್ನು ಇಂದಿನ ಯಾವ ನಾಸ್ತಿಕ ಕೇಳಿದ್ದಾನೋ ಕಾಣೆ. ಹದ್ದಿನ ಉತ್ತರವೋ, ಗದರಿಕೆ: ಗೇಣುದ್ದ ನೋಟ ಇಟ್ಟುಕೊಂಡು ಸಾವಿರ ಮೈಲಿಯಾಚೆಯದಕ್ಕೆ ತೀರ್ಪು ಕೊಡಲು ನೀನ್ಯಾರು? ಉತ್ತರ ಇಲ್ಲದಿದ್ದಾಗ ಹಿರಿಯರು ಹೀಗೆಯೇ ಬಾಯಿ ಮುಚ್ಚಿಸುವುದು. ಆದರೂ ಅದೇ ಉಸಿರಿನಲ್ಲಿ ಹದ್ದು ಇನ್ನೊಂದು ಮಾತು ಸೇರಿಸುತ್ತದೆ: 'ಕ್ರಿಸ್ತ, ಕ್ರಿಸ್ತ' ಎಂದು ಕೂಗುವ ಎಷ್ಟೋ ಮಂದಿ, ಕಡೆಯ ದಿನ ಅವನನ್ನು ಅರಿಯದವರಿಗಿಂತ ದೂರ ನಿಂತಿರುತ್ತಾರೆ.

ಮುಂದಿನ ಸರ್ಗದಲ್ಲಿ ಕ್ರೈಸ್ತರ ಕಾಲಕ್ಕೂ ಮುಂಚಿನ ಟ್ರಾಯ್ ನಗರದ ರಿಫಿಯಸ್ ಸ್ವರ್ಗದಲ್ಲಿ ಕಾಣಿಸುತ್ತಾನೆ. ಇವನು ಕ್ರಿಸ್ತನಿಗೂ ಮೊದಲಿನ ರೋಮನ್ ಕವಿ ವರ್ಜಿಲ್‌ನ ಕಾವ್ಯದಲ್ಲಿ ಕೆಲವೇ ಸಾಲುಗಳಲ್ಲಿ ಬಂದುಹೋಗುವ ಆಳು. ಅವನನ್ನು ನ್ಯಾಯವಂತನೆಂದು ಹೊಗಳಿದ ವರ್ಜಿಲ್, ಡಾಂಟೆಯ ಕೈಹಿಡಿದು ನರಕ ದಾಟಿಸಿದ ಗುರು, ಮಾತ್ರ ನರಕದ ಹೊಸ್ತಿಲಿಗೇ ವಾಪಸ್. ಭಾಷ್ಯಕಾರರು ಇದಕ್ಕೆ ಇಂದಿಗೂ ಸಮಾಧಾನ ಹೇಳುತ್ತಲೇ ಇದ್ದಾರೆ.