ಎರಡು ಬಾಗಿಲಿನ ಜಾಗ್ವಾರ್ ಮತ್ತೆ ಬರುತ್ತದಾ? ಒಂದು ಹಳೇ ಊಹಾಪೋಹದ ಹಿನ್ನೆಲೆ

2024ರ ಡಿಸೆಂಬರ್ 2ರಂದು ಅಮೆರಿಕದ ಮಯಾಮಿಯಲ್ಲಿ ಜಾಗ್ವಾರ್ ಕಂಪನಿ ಟೈಪ್ 00 ಎಂಬ ಕಾರನ್ನು ತೋರಿಸಿತು. ಒಂದು ಗುಲಾಬಿ ಬಣ್ಣದ್ದು, ಇನ್ನೊಂದು ನೀಲಿ. ಮಾರುದ್ದದ ಬಾನೆಟ್, ಹಿಂದಕ್ಕೆ ಸರಿದು ಕೂತ ಕ್ಯಾಬಿನ್, ಹಿಂಬದಿಗೆ ಗಾಜೇ ಇಲ್ಲ. ಬಾಗಿಲು ಎರಡೇ ಎರಡು. ಆದರೆ ಇದು ಮಾರಾಟಕ್ಕಲ್ಲ, ಶೋರೂಮಿಗೆ ಬರುವುದು ಇದೇ ಚಹರೆಯ ನಾಲ್ಕು ಬಾಗಿಲಿನ ಎಲೆಕ್ಟ್ರಿಕ್ ಜಿಟಿ (ದೂರಪ್ರಯಾಣದ ವೇಗದ ಕಾರು) ಎಂದು ಕಂಪನಿಯೇ ಹೇಳಿತ್ತು. ಹಾಗಾದರೆ ಆ ಎರಡು ಬಾಗಿಲಿನ ಕೂಪೆ ಯಾವಾಗ? ಕಾರಿನ ಹುಚ್ಚು ಇರುವವರು ಅವತ್ತಿನಿಂದ ಕೇಳುತ್ತಲೇ ಇದ್ದಾರೆ.

ಶಿವಮೊಗ್ಗದಲ್ಲೂ ಕೇಳುತ್ತಾರೆ. ಅದಕ್ಕೆ ಕಾರಣವೂ ಇದೆ. 2008ರ ಜೂನ್‌ನಲ್ಲಿ ಟಾಟಾ ಮೋಟಾರ್ಸ್ ಫೋರ್ಡ್ ಕಂಪನಿಯಿಂದ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ 230 ಕೋಟಿ ಡಾಲರ್ ಕೊಟ್ಟು ಕೊಂಡಿತು. ಮಂಡಿಗೆ ಅಡಿಕೆ ಮೂಟೆ ಹೊತ್ತು ಬರುವ 407ರ ಮೇಲೂ ಟಾಟಾ ಹೆಸರು, ಲಂಡನ್ನಿನ ಸಿರಿವಂತರ ಕಾರಿನ ಹಿಂದೆಯೂ ಟಾಟಾ ಹೆಸರು. ಇದು ನಮ್ಮವರ ಕೈಲಿರುವ ಕಾರು ಎಂಬ ಸಲುಗೆ ಅವತ್ತಿನಿಂದ ಬಂದಿದೆ.

ಇಲ್ಲಿನ ಹಳೇ ಮೆಕ್ಯಾನಿಕ್‌ಗಳ ಮುಂದೆ ಯಾವ ಹೊಸ ಗಾಡಿಯ ಸುದ್ದಿ ತೆಗೆದರೂ ಅವರು ಬಣ್ಣ, ಬಾಡಿ ಕೇಳುವುದಿಲ್ಲ. ‘ಚಾಸಿ ಯಾವುದ್ರದ್ದು ಮಾರಾಯ್ರೆ?’ ಅಂತ ಕೇಳುತ್ತಾರೆ. ಚಾಸಿ ಅಂದರೆ ಬಾಡಿ ಕೂರುವ ಅಡಿಗಟ್ಟು. ಈ ಊಹಾಪೋಹ ಅರ್ಥವಾಗಬೇಕಾದರೆ ಅದೇ ಸರಿಯಾದ ಪ್ರಶ್ನೆ ಎಂದು ನನ್ನ ನಂಬಿಕೆ. ಜಾಗ್ವಾರ್ ಇತಿಹಾಸದಲ್ಲಿ ಚಂದದ ಬಾಡಿಗೆ ಕೊರತೆ ಇರಲಿಲ್ಲ. ಅದನ್ನು ಕೂರಿಸಲು ಚಾಸಿಯೂ, ದುಡ್ಡು ಹಾಕುವ ಯಜಮಾನನೂ ಒಟ್ಟಿಗೆ ಸಿಕ್ಕಿದ್ದು ಅಪರೂಪ.

ಕತೆ ಶುರುವಾಗುವುದು 1961ರ ಮಾರ್ಚ್‌ನಲ್ಲಿ, ಜಿನೀವಾದಲ್ಲಿ. ಇ-ಟೈಪ್ ಅನ್ನು ಪತ್ರಕರ್ತರಿಗೆ ತೋರಿಸುವ ದಿನ. ಕೂಪೆ ಗಾಡಿಯನ್ನು ಕಂಪನಿಯ ಪ್ರಚಾರ ವಿಭಾಗದ ಬಾಬ್ ಬೆರ್ರಿ ಇಂಗ್ಲೆಂಡಿನ ಕೊವೆಂಟ್ರಿಯಿಂದ ಓಡಿಸಿಕೊಂಡೇ ಬಂದರು. ಕಾರ್ಯಕ್ರಮಕ್ಕೆ ಇನ್ನು 20 ನಿಮಿಷ ಇರುವಾಗ ತಲುಪಿದರು ಎಂಬುದು ಜಾಗ್ವಾರ್ ಅಭಿಮಾನಿಗಳೆಲ್ಲರ ಬಾಯಲ್ಲಿರುವ ಸಂಗತಿ. ಓಡಿಸಿ ನೋಡುತ್ತೇವೆ ಎಂದವರ ಸಾಲು ಎಷ್ಟು ಬೆಳೆಯಿತೆಂದರೆ, ಒಂದು ಗಾಡಿ ಸಾಲದಾಯಿತು. ಕಂಪನಿಯ ಸ್ಥಾಪಕ ವಿಲಿಯಂ ಲಯನ್ಸ್ ಊರಿಗೆ ಫೋನ್ ಮಾಡಿಸಿದರು. ಟೆಸ್ಟ್ ಡ್ರೈವರ್ ನಾರ್ಮನ್ ಡ್ಯೂಯಿಸ್ ರಾತ್ರೋರಾತ್ರಿ ಇನ್ನೊಂದು ಇ-ಟೈಪ್ ಹೊಡೆದುಕೊಂಡು ಬೆಳಗಾಗುವಷ್ಟರಲ್ಲಿ ಜಿನೀವಾ ಮುಟ್ಟಿದರು. ಅವತ್ತು ತೋರಿಸಿದ ಗಾಡಿಯೇ ಓಡುವ ಗಾಡಿ, ಓಡುವ ಗಾಡಿಯೇ ಮಾರುವ ಗಾಡಿ. ಮಧ್ಯೆ ಊಹೆಗೆ ಜಾಗವೇ ಇರಲಿಲ್ಲ.

ಅದರ ಆಕಾರ ಮಾಡಿದ ಮಾಲ್ಕಮ್ ಸೇಯರ್ ವಿಮಾನ ಕಾರ್ಖಾನೆಯಿಂದ ಬಂದವರು. 3.8 ಲೀಟರ್ ಎಂಜಿನ್, ಗಂಟೆಗೆ 240 ಕಿ.ಮೀ. ವೇಗ ಎಂಬ ಘೋಷಣೆ, ಬೆಲೆ ಸುಮಾರು 2,100 ಪೌಂಡ್. ಅಷ್ಟೇ ವೇಗದ ಬೇರೆ ಕಾರುಗಳಿಗೆ ಹೋಲಿಸಿದರೆ ಅದು ತುಂಬಾ ಕಡಿಮೆ. 70 ಸಾವಿರಕ್ಕೂ ಜಾಸ್ತಿ ಕಾರುಗಳು ತಯಾರಾದವು. 1970ರ ದಶಕದ ನಡುವೆ ಅದು ನಿಂತಾಗ ಜಾಗ್ವಾರ್ ಬ್ರಿಟಿಷ್ ಲೇಲ್ಯಾಂಡ್‌ನ ಕೈಯಲ್ಲಿತ್ತು. ಅದರ ಜಾಗಕ್ಕೆ ಬಂದ ಎಕ್ಸ್‌ಜೆ-ಎಸ್ ಒಳ್ಳೆಯ ದೂರಪ್ರಯಾಣದ ಕಾರು, ಆದರೆ ಜನ ಕಾಯುತ್ತಿದ್ದದ್ದು ಅದಕ್ಕಲ್ಲ. ‘ಇ’ ಆದಮೇಲೆ ‘ಎಫ್’ ಬರಲೇಬೇಕಲ್ವಾ? ಎಫ್-ಟೈಪ್ ಎಂಬ ವದಂತಿ ಹುಟ್ಟಿದ್ದು ಹೀಗೆ.

1980ರ ದಶಕದಲ್ಲಿ ಅದು ಸುಮ್ನೆ ವದಂತಿಯಾಗಿ ಉಳಿಯಲಿಲ್ಲ. ಎಕ್ಸ್‌ಜೆ41 ಎಂಬ ಗುಪ್ತ ಹೆಸರಿನಲ್ಲಿ ಕೂಪೆಯ ಕೆಲಸ ನಡೆಯಿತು. ವರ್ಷ ಕಳೆದಂತೆ ಗಾಡಿಗೆ ಒಂದೊಂದೇ ಸೇರಿಸುತ್ತಾ ಹೋದರು, ತೂಕ ಏರಿತು, ಖರ್ಚೂ ಏರಿತು. 1989ರಲ್ಲಿ ಫೋರ್ಡ್ ಜಾಗ್ವಾರ್ ಅನ್ನು ಕೊಂಡಿತು. ಮರುವರ್ಷವೇ ಎಕ್ಸ್‌ಜೆ41 ರದ್ದಾಯಿತು.

ಮುಂದೆ ಆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ರದ್ದಾದ ಆ ವಿನ್ಯಾಸವನ್ನು ರೇಸಿಂಗ್ ಜಗತ್ತಿನ ಟಾಮ್ ವಾಕಿನ್‌ಶಾ ಅವರ ತಂಡ ಎತ್ತಿಕೊಂಡಿತು. ಹಳೇ ಎಕ್ಸ್‌ಜೆ-ಎಸ್‌ನ ಚಾಸಿ ಹೇಗೂ ಇತ್ತು, ಅದರ ಮೇಲೆ ಇದನ್ನು ಒಗ್ಗಿಸಿ ನೋಡಿದರು. ಜಾಗ್ವಾರ್ ಬೇಡ ಅಂದಿತು. ಆಗ ಫೋರ್ಡ್‌ನದೇ ಇನ್ನೊಂದು ಕಂಪನಿಯಾಗಿದ್ದ ಆಸ್ಟನ್ ಮಾರ್ಟಿನ್‌ಗೆ ಅದು ದಾಟಿತು. ಇಯಾನ್ ಕ್ಯಾಲಮ್ ಅವರ ಕೈಯಲ್ಲಿ ಹೊಸ ರೂಪ ಪಡೆದು 1993ರಲ್ಲಿ ಡಿಬಿ7 ಆಗಿ ಹೊರಬಂತು. ಕಷ್ಟದಲ್ಲಿದ್ದ ಆಸ್ಟನ್ ಮಾರ್ಟಿನ್ ಅನ್ನು ಮೇಲೆತ್ತಿದ್ದೇ ಆ ಕಾರು. ಜಾಗ್ವಾರ್ ಅಭಿಮಾನಿಗಳು ಹತ್ತು ವರ್ಷ ಕಾದ ಗಾಡಿ ಬಂತು, ಬೇರೆಯವರ ಲಾಂಛನ ಹಾಕಿಕೊಂಡು. ಇದನ್ನು ಓದಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಬಾಡಿ ತಪ್ಪಾಗಿರಲಿಲ್ಲ, ಎಂಜಿನಿಯರ್‌ಗಳ ಶ್ರಮವೂ ಕಡಿಮೆಯಾಗಿರಲಿಲ್ಲ.

2000ನೇ ಇಸವಿ ಜನವರಿಯಲ್ಲಿ ಡೆಟ್ರಾಯಿಟ್ ಮೇಳದಲ್ಲಿ ಎಫ್-ಟೈಪ್ ಎಂಬ ಹೆಸರಿನ ಕಾನ್ಸೆಪ್ಟ್ ಕಾರನ್ನೇ, ಅಂದರೆ ಮಾರಾಟಕ್ಕಲ್ಲದ ಮಾದರಿಯನ್ನೇ, ಇಟ್ಟರು. ಕೀತ್ ಹೆಲ್ಫೆಟ್ ಮಾಡಿದ, ಚಾವಣಿಯೇ ಇಲ್ಲದ ಪುಟ್ಟ ಗಾಡಿ. ಜನ ಮುಗಿಬಿದ್ದರು. ತಯಾರಿಸುವ ಯೋಚನೆಯೂ ನಡೆಯಿತು. ಕೆಲವೇ ವರ್ಷದಲ್ಲಿ ಅದೂ ಕಪಾಟು ಸೇರಿತು.

ಕೊನೆಗೂ ಕೆಲಸ ಆದದ್ದು ಟಾಟಾ ಕಾಲದಲ್ಲಿ. 2011ರಲ್ಲಿ ಫ್ರಾಂಕ್‌ಫರ್ಟ್ ಮೇಳದಲ್ಲಿ ಸಿ-ಎಕ್ಸ್16 ಎಂಬ ಕೂಪೆ ಬಂತು. 2012ರಲ್ಲಿ ಪ್ಯಾರಿಸ್‌ನಲ್ಲಿ ಚಾವಣಿ ತೆರೆಯುವ ಎಫ್-ಟೈಪ್ ಬಂತು, 2013ರ ಕೊನೆಗೆ ಅದರ ಕೂಪೆ. ಈ ಸಲ ಯಾಕೆ ಆಯಿತು? ಮೆಕ್ಯಾನಿಕ್‌ಗಳ ಪ್ರಶ್ನೆಗೆ ಇಲ್ಲಿ ನೇರ ಉತ್ತರ ಇದೆ. ಜಾಗ್ವಾರ್‌ನದೇ ಎಕ್ಸ್‌ಕೆ ಕಾರಿನ ಅಲ್ಯೂಮಿನಿಯಂ ಚಾಸಿ ಆಗಲೇ ಕೈಯಲ್ಲಿತ್ತು. ಅದನ್ನೇ ಗಿಡ್ಡ ಮಾಡಿ ಎಫ್-ಟೈಪ್ ಕಟ್ಟಿದರು. ಅದೇ ಹೊತ್ತಿನಲ್ಲಿ ಪ್ರಚಾರದಲ್ಲಿದ್ದ ಇನ್ನೊಂದು ಕಾರು ಸಿ-ಎಕ್ಸ್75. 2010ರಲ್ಲಿ ಕಾನ್ಸೆಪ್ಟ್ ಆಗಿ ಬಂತು. ಮರುವರ್ಷ ವಿಲಿಯಮ್ಸ್ ರೇಸ್ ತಂಡದ ಜೊತೆ ಸೇರಿ 250 ಗಾಡಿ ಮಾಡುತ್ತೇವೆ ಎಂದು ಅಧಿಕೃತವಾಗಿಯೇ ಹೇಳಿದ್ದರು. ಅದಕ್ಕೆ ಎಲ್ಲವನ್ನೂ ಹೊಸದಾಗಿ ಮಾಡಬೇಕಿತ್ತು. 2012ರ ಡಿಸೆಂಬರ್‌ನಲ್ಲಿ ಕೈಬಿಟ್ಟರು.

ಅಧಿಕೃತ ಮಾತೇ ಹೀಗೆ ಬಿದ್ದುಹೋಗುವಾಗ ಪರೀಕ್ಷೆಯ ಕಾರನ್ನು ಕದ್ದು ತೆಗೆದ ಸ್ಪೈ ಫೋಟೋಗಳನ್ನು ಎಷ್ಟು ನಂಬಬೇಕು? ಪರೀಕ್ಷೆಗೆ ಬಿಟ್ಟ ಕಾರಿನ ಮೈಗೆ ಕಪ್ಪು-ಬಿಳುಪಿನ ಸುಳಿಸುಳಿ ಸ್ಟಿಕ್ಕರ್ ಅಂಟಿಸುತ್ತಾರೆ. ಬಾಡಿಯ ಅಂಚು, ಉಬ್ಬು ಕಣ್ಣಿಗೆ ಬೀಳಬಾರದು, ಕ್ಯಾಮೆರಾಗೂ ಗೊಂದಲವಾಗಬೇಕು ಅಂತ. ಅದರಡಿಯಲ್ಲಿ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ ಇಲ್ಲದ ಉಬ್ಬನ್ನೂ ಮಾಡುತ್ತಾರೆ. ಇನ್ನೂ ಮೊದಲಿನ ಹಂತದಲ್ಲಿ ಹೊಸ ಚಾಸಿಗೆ ಹಳೇ ಕಾರಿನ ಬಾಡಿಯನ್ನೇ ತೊಡಿಸಿ ಓಡಿಸುವುದೂ ಉಂಟು. ಇಷ್ಟೆಲ್ಲ ಮಾಡಿದರೂ ಮುಚ್ಚಲಾಗದ ಕೆಲವು ಸಂಗತಿ ಇವೆ: ಎರಡು ಚಕ್ರಗಳ ನಡುವಿನ ಅಂತರ, ಚಾವಣಿಯ ಎತ್ತರ, ಎಷ್ಟು ಬಾಗಿಲು ತೆರೆಯುತ್ತವೆ ಎಂಬುದು. ನಾನು ನೋಡುವುದು ಅಷ್ಟನ್ನೇ. ಟೈಪ್ 00 ಹೊರಬರುವ ಕೆಲ ವಾರ ಮೊದಲು ಜಾಗ್ವಾರ್ ತಾನೇ ಬಿಟ್ಟ ಮುಸುಕಿನ ಗಾಡಿಯ ಫೋಟೋಗಳಲ್ಲಿ ನಾಲ್ಕು ಬಾಗಿಲು ಎದ್ದು ಕಾಣುತ್ತಿದ್ದವು.

ಈಗಿನ ಊಹೆಯ ಬೇರು 2021ರಲ್ಲಿದೆ. ಆ ಫೆಬ್ರವರಿಯಲ್ಲಿ ಜಾಗ್ವಾರ್ ಪೂರ್ತಿ ಎಲೆಕ್ಟ್ರಿಕ್ ಆಗುತ್ತದೆ ಎಂದು ಪ್ರಕಟಿಸಿದರು. ಅದೇ ದಿನ, ಬಹಳ ಮುಂದುವರಿದಿದ್ದ ಎಲೆಕ್ಟ್ರಿಕ್ ಎಕ್ಸ್‌ಜೆ ಸೆಡಾನ್ ಯೋಜನೆಯನ್ನು ನಿಲ್ಲಿಸಿದರು. 2023ರಲ್ಲಿ ಮೂರು ಹೊಸ ಕಾರು ಬರುತ್ತವೆ, ಮೊದಲನೆಯದು ನಾಲ್ಕು ಬಾಗಿಲಿನ ಜಿಟಿ, ಬೆಲೆ 1 ಲಕ್ಷ ಪೌಂಡ್ ಮೇಲೆ ಅಂದರು. 2024ರಲ್ಲಿ ಎಫ್-ಟೈಪ್ ತಯಾರಿಕೆ ನಿಂತಿತು. ಮೂರರಲ್ಲಿ ಒಂದರ ವಿಷಯ ಹೇಳಿ, ಎರಡನ್ನು ಬಾಯಿಬಿಡದೆ, ನಡುವೆ ಎರಡು ಬಾಗಿಲಿನ ಕಾನ್ಸೆಪ್ಟ್ ತಂದಿಟ್ಟರೆ ಜನ ಇನ್ನೇನು ಯೋಚಿಸುತ್ತಾರೆ?

ಒಂದು ಅನುಕೂಲ ಈ ಸಲ ಇದೆ. ಜಾಗ್ವಾರ್‌ಗೆಂದೇ ಮಾಡಿದ ಜೆಇಎ ಎಂಬ ಎಲೆಕ್ಟ್ರಿಕ್ ಚಾಸಿ ತಯಾರಾಗಿದೆ. ಜಿಟಿಗೆ ಹಾಕಿದ ಬಂಡವಾಳದಲ್ಲೇ ಕೂಪೆಯೂ ಹುಟ್ಟಬಹುದು, ಎಫ್-ಟೈಪ್ ಹುಟ್ಟಿದ ಹಾಗೆ. ಆದರೆ ಎರಡು ಸೀಟಿನ ದುಬಾರಿ ಕಾರು ಕೊಳ್ಳುವವರು ಕಡಿಮೆ. 2025ರ ಸೆಪ್ಟೆಂಬರ್‌ನಲ್ಲಿ ಸೈಬರ್ ದಾಳಿಯಿಂದ ಜೆಎಲ್ಆರ್ (ಜಾಗ್ವಾರ್ ಲ್ಯಾಂಡ್ ರೋವರ್) ಕಾರ್ಖಾನೆಗಳು ವಾರಗಟ್ಟಲೆ ನಿಂತು ದೊಡ್ಡ ನಷ್ಟವಾಯಿತು. ಅದೇ ನವೆಂಬರ್‌ನಲ್ಲಿ ಟಾಟಾ ಮೋಟಾರ್ಸ್‌ನ ಹಣಕಾಸು ಮುಖ್ಯಸ್ಥರಾಗಿದ್ದ ಪಿ.ಬಿ. ಬಾಲಾಜಿ ಜೆಎಲ್ಆರ್ ಸಿಇಒ ಆದರು. ಲೆಕ್ಕ ಬಲ್ಲವರು ಮೊದಲು ಜಿಟಿ ಎಷ್ಟು ಹೋಗುತ್ತದೆ ನೋಡೋಣ ಅನ್ನುವುದು ಸಹಜ. ಹಾಗಾಗಿ ಕೂಪೆ ಎರಡನೇ ಕಾರಾಗಿ ಬರುವುದು ನನಗೆ ಕಷ್ಟ ಅನ್ನಿಸುತ್ತದೆ. ಬರಲಿ ಎಂದು ಮನಸ್ಸು ತುಂಬ ಆಸೆ ಇದೆ, ಅದು ಬೇರೆ ಮಾತು.

ನಮ್ಮ ಕಡೆಗೆ ಬಂದರೆ ಹೇಗೆ? ಟೈಪ್ 00 ಜೊತೆ ಕಂಪನಿ ಜಿಟಿಗೆ ಕೊಟ್ಟ ಗುರಿ ಒಂದು ಚಾರ್ಜಿಗೆ 770 ಕಿ.ಮೀ. ವೇಗದ ಚಾರ್ಜರ್‌ನಲ್ಲಿ 15 ನಿಮಿಷಕ್ಕೆ 321 ಕಿ.ಮೀ. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300. ಗುರಿ ನಿಜವಾದರೆ ಬಿ.ಎಚ್. ರಸ್ತೆಯಲ್ಲಿ ಹೋಗಿ, ಮತ್ತೆ ವಾಪಸ್ ಬರಬಹುದು. ಆಗುಂಬೆ ಘಾಟಿ ಮಾತ್ರ ಬೇರೆಯೇ ಪರೀಕ್ಷೆ. ಹದಿನಾಲ್ಕು ಹೇರ್‌ಪಿನ್ ತಿರುವು, ಮಳೆಗಾಲದ ಮಂಜು. ಅಷ್ಟುದ್ದದ ಬಾನೆಟ್ ಇಟ್ಟುಕೊಂಡು, ಹಿಂದಿನದನ್ನು ಕ್ಯಾಮೆರಾದಲ್ಲಷ್ಟೇ ನೋಡುತ್ತಾ, ಎದುರಿಂದ ಬಸ್ ಬಂದಾಗ ಹಿಂದೆ ಸರಿಯಬೇಕು.

ಬೆಲೆಯ ಕತೆಯೂ ಇದೆ. 1 ಲಕ್ಷ ಪೌಂಡ್ ಅಂದರೆ ಕೋಟಿ ದಾಟುತ್ತದೆ, ಅದರ ಮೇಲೆ ಪೂರ್ತಿ ತಯಾರಾಗಿ ಬರುವ ದುಬಾರಿ ಕಾರಿಗೆ ಶೇ. 100 ಮೀರಿದ ಆಮದು ಸುಂಕ. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿಯಾದ ವ್ಯಾಪಾರ ಒಪ್ಪಂದದಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಮಿತಿಯೊಳಗೆ ಸುಂಕ ಇಳಿಯುತ್ತದೆ, ಎಲೆಕ್ಟ್ರಿಕ್‌ಗೆ ಮೊದಲ ಐದು ವರ್ಷ ಆ ರಿಯಾಯಿತಿ ಇಲ್ಲ. ಕರ್ನಾಟಕದಲ್ಲಿ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ 2024ರಲ್ಲಿ ಶೇ. 10 ಆಜೀವ ತೆರಿಗೆಯೂ ಬಂತು.

ಎರಡು ಬಾಗಿಲಿನ ಗಾಡಿ ಮುಸುಕು ಹೊದ್ದು ಪರೀಕ್ಷೆಗೆ ಇಳಿದ ಫೋಟೋ, ಅದೂ ಜೆಇಎ ಚಾಸಿಯ ಮೇಲೆ, ಯಾವತ್ತಾದರೂ ಸಿಕ್ಕರೆ ನನ್ನ ಅಭಿಪ್ರಾಯ ಖುಷಿಯಿಂದ ಬದಲಿಸುತ್ತೇನೆ.