ಹುಡುಕಿದವರು ಬಾಗಿಲಿಗೆ ಬಾರದ ಕಾಲ

ಒಬ್ಬರಿಗೆ ಮೆಟ್ಟಿಲು ಹತ್ತುವಾಗ ಕಾಲು ಹಿಡಿದುಕೊಳ್ಳುತ್ತದೆ. ಫೋನ್ ತೆಗೆದು 'ಮೆಟ್ಟಿಲು ಹತ್ತಿದರೆ ಮಂಡಿ ನೋವು' ಎಂದು ಟೈಪ್ ಮಾಡುತ್ತಾರೆ. ಇದೇ ತೊಂದರೆಯ ಬಗ್ಗೆ ಒಬ್ಬ ವೈದ್ಯರು ತಮ್ಮ ಜಾಲತಾಣದಲ್ಲಿ ಚೆನ್ನಾಗಿ ಬರೆದಿಟ್ಟಿದ್ದಾರೆ. ಆದರೆ ಅವರು ಉದ್ದಕ್ಕೂ ಬಳಸಿರುವ ಪದ 'ಮೊಣಕಾಲು'. ಹಿಂದಿನ ಸರ್ಚ್ ಎಂಜಿನ್‌ಗೆ ಈ ಎರಡೂ ಪದ ಒಂದೇ ಕೀಲಿನ ಹೆಸರು ಎಂದು ಗೊತ್ತಾಗುತ್ತಿರಲಿಲ್ಲ. ನೋವಿದ್ದವರು ಒಂದು ಕಡೆ, ಪರಿಹಾರ ಇನ್ನೊಂದು ಕಡೆ.

ಏಕೆಂದರೆ ಆಗಿನ ಹುಡುಕಾಟ ಪುಸ್ತಕದ ಕೊನೆಯ ಪದಸೂಚಿಯಂತೆ ಇತ್ತು: ಯಾವ ಪದ ಯಾವ ಪುಟದಲ್ಲಿದೆ ಎಂಬ ದೊಡ್ಡ ಪಟ್ಟಿ. ಪದ ಸಿಕ್ಕರೆ ಪುಟ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಇದನ್ನು ಅರಿತವರು ಒಂದೇ ಪದವನ್ನು ನೂರು ಸಲ ತುಂಬಿದರು, ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದಲ್ಲಿ ಬಚ್ಚಿಟ್ಟರು. 1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ (ಗೂಗಲ್ ಸ್ಥಾಪಕರು) ಪುಟಗಳಿಗೆ ಸ್ಥಾನ ಕೊಡುವ ವಿಧಾನವಾದ ಪೇಜ್‌ರ‍್ಯಾಂಕ್ ತಂದರು. ಒಂದು ಪುಟ ಇನ್ನೊಂದಕ್ಕೆ ಕೊಡುವ ಲಿಂಕ್ ಒಂದು ಮತವಿದ್ದಂತೆ, ಹೆಚ್ಚು ಮತ ಪಡೆದ ಪುಟದ ಮತಕ್ಕೆ ಹೆಚ್ಚು ತೂಕ. ಆಗ ಲಿಂಕ್‌ಗಳೇ ಮಾರಾಟಕ್ಕಿಳಿದವು. ಗೂಗಲ್ 2011ರಲ್ಲಿ ಪಾಂಡಾ, 2012ರಲ್ಲಿ ಪೆಂಗ್ವಿನ್ ಎಂಬ ಪರಿಷ್ಕರಣೆಗಳಿಂದ ಪೊಳ್ಳು ಪುಟಗಳನ್ನೂ ಕೊಂಡ ಲಿಂಕ್‌ಗಳನ್ನೂ ಕೆಳಗೆ ತಳ್ಳಿತು. ಸರ್ಚ್ ಎಂಜಿನ್ ಆಪ್ಟಿಮೈಸೇಶನ್, ಅಂದರೆ ಹುಡುಕಾಟದಲ್ಲಿ ಪುಟವನ್ನು ಮೇಲೆ ತರುವ ಎಸ್‌ಇಒ ಎಂಬ ಕಸುಬು ಬೆಳೆದದ್ದು ಈ ಹಗ್ಗಜಗ್ಗಾಟದಲ್ಲೇ.

ನಿಜವಾದ ತಿರುವು ಬಂದದ್ದು ಯಂತ್ರ ಪದವನ್ನು ಬಿಟ್ಟು ಅರ್ಥವನ್ನು ಹಿಡಿಯಲು ಕಲಿತಾಗ. 2019ರಲ್ಲಿ, ಅಪಾರ ಬರಹದಿಂದ ಭಾಷೆಯನ್ನು ಕಲಿತ ಬರ್ಟ್ ಎಂಬ ಭಾಷಾ ಮಾದರಿಯನ್ನು ಹುಡುಕಾಟಕ್ಕೆ ಅಳವಡಿಸಿದಾಗ ಗೂಗಲ್ ಒಂದು ಉದಾಹರಣೆ ಕೊಟ್ಟಿತ್ತು: ಬ್ರೆಜಿಲ್‌ನ ಪ್ರಯಾಣಿಕರಿಗೆ ಅಮೆರಿಕಕ್ಕೆ ಹೋಗಲು ವೀಸಾ ಬೇಕೇ ಎಂಬ ಪ್ರಶ್ನೆ. ಇಂಗ್ಲಿಷ್‌ನಲ್ಲಿ ದಿಕ್ಕು ಹೇಳುವುದು 'ಟು' ಎಂಬ ಪುಟ್ಟ ಪದ. ಅದನ್ನು ಗಮನಿಸದ ಹಳೆಯ ವ್ಯವಸ್ಥೆ, ಬ್ರೆಜಿಲ್‌ಗೆ ಹೋಗುವ ಅಮೆರಿಕನ್ನರ ಪುಟಗಳನ್ನು ತೋರಿಸುತ್ತಿತ್ತು. ಆ ಪುಟ್ಟ ಪದದ ಕೆಲಸವನ್ನು ಕನ್ನಡದಲ್ಲಿ ಮಾಡುವುದು ವಿಭಕ್ತಿ ಪ್ರತ್ಯಯ. 'ಇಂದ' ಎಲ್ಲಿ, 'ಕ್ಕೆ' ಎಲ್ಲಿ ಎಂಬುದರ ಮೇಲೆ ಇಡೀ ಅರ್ಥ ನಿಂತಿರುತ್ತದೆ.

ಅರ್ಥ ಹಿಡಿಯುವುದೆಂದರೆ ಇಲ್ಲಿ ಮಾಯವೇನಲ್ಲ, ಲೆಕ್ಕ. ಮಾದರಿಯು ಪ್ರತಿ ವಾಕ್ಯವನ್ನೂ ನೂರಾರು ಸಂಖ್ಯೆಗಳ ಸಾಲಾಗಿ ಬದಲಿಸುತ್ತದೆ. ಬರ್ಟ್‌ನ ಮೂಲ ಆವೃತ್ತಿಯಲ್ಲಿ ಅದು 768 ಸಂಖ್ಯೆಗಳ ಸಾಲು. ಆ ಸಾಲನ್ನು ವಿಶಾಲ ಬಯಲಿನಲ್ಲಿ ಒಂದು ಜಾಗದ ಗುರುತು ಎಂದುಕೊಳ್ಳಬಹುದು. 'ಮಂಡಿ'ಯೂ 'ಮೊಣಕಾಲೂ' ನೋವು, ಊತ, ಸವೆತ, ಮೆಟ್ಟಿಲು ಎಂಬ ಅವೇ ಪದಗಳ ಸಹವಾಸದಲ್ಲಿ ಇರುವುದರಿಂದ ಆ ಬಯಲಿನಲ್ಲಿ ಅಕ್ಕಪಕ್ಕ ಬಂದು ನಿಲ್ಲುತ್ತವೆ. ಹುಡುಕುವುದೆಂದರೆ ಈಗ ಹತ್ತಿರದ ನೆರೆಯವರನ್ನು ಪತ್ತೆ ಮಾಡುವುದು. ನಮ್ಮ ವೈದ್ಯರ ಪುಟ ಕೊನೆಗೂ ಸಿಕ್ಕಿತು.

ಸಿಕ್ಕಿತು ನಿಜ. ಆದರೆ ಅಷ್ಟರಲ್ಲಿ ಹುಡುಕಾಟದ ಪುಟವೇ ಬದಲಾಯಿತು. 2024ರ ಮೇ ತಿಂಗಳಲ್ಲಿ ಗೂಗಲ್ ಅಮೆರಿಕದಲ್ಲಿ ಎಐ ಓವರ್‌ವ್ಯೂ, ಅಂದರೆ ಫಲಿತಾಂಶಗಳ ಮೇಲೆ ಎಐ ಬರೆದ ಸಾರಾಂಶ ತೋರಿಸುವುದನ್ನು ಶುರುಮಾಡಿತು. ಅದೇ ವರ್ಷ ಅಕ್ಟೋಬರ್ ಕೊನೆಗೆ ಚಾಟ್‌ಜಿಪಿಟಿಗೂ ಜಾಲದಲ್ಲಿ ಹುಡುಕುವ ಸೌಲಭ್ಯ ಬಂತು. ಇಂಥ ವ್ಯವಸ್ಥೆಗಳು ಪ್ರಶ್ನೆಯನ್ನು ಹಲವು ಉಪಪ್ರಶ್ನೆಗಳಾಗಿ ಒಡೆದು, ಒಂದೊಂದಕ್ಕೂ ಹೊಂದುವ ತುಣುಕುಗಳನ್ನು ಬೇರೆ ಬೇರೆ ಪುಟಗಳಿಂದ ಎತ್ತಿ, ಎಲ್ಲವನ್ನೂ ಹೆಣೆದು ಒಂದೇ ಉತ್ತರ ಕೊಡಬಲ್ಲವು. ಮೂಲದ ಲಿಂಕ್ ಪಕ್ಕದಲ್ಲಿ ಪುಟ್ಟದಾಗಿ ಇರುತ್ತದೆ. ಅದನ್ನು ಒತ್ತುವವರು ಎಷ್ಟು ಮಂದಿ? ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2025ರ ಮಾರ್ಚ್‌ನಲ್ಲಿ ಸುಮಾರು 900 ಅಮೆರಿಕನ್ನರ ಗೂಗಲ್ ಬಳಕೆಯನ್ನು ಗಮನಿಸಿತು. ಎಐ ಸಾರಾಂಶ ಇಲ್ಲದಾಗ 15% ಭೇಟಿಗಳಲ್ಲಿ ಜನ ಯಾವುದಾದರೂ ಫಲಿತಾಂಶದ ಲಿಂಕ್ ಒತ್ತಿದ್ದರು. ಸಾರಾಂಶ ಇದ್ದಾಗ ಅದು 8%ಕ್ಕೆ ಇಳಿಯಿತು. ಸಾರಾಂಶದೊಳಗಿನ ಲಿಂಕ್ ಒತ್ತಿದ್ದು 1% ಮಾತ್ರ.

ಡಿಜಿಟಲ್ ಮಾರ್ಕೆಟಿಂಗ್‌ನವರ ಗುರಿಯೂ ಈಗ ಹೊರಳಿದೆ. ಮೊದಲ ಸ್ಥಾನ ಗಿಟ್ಟಿಸುವುದಕ್ಕಿಂತ ಯಂತ್ರದ ಉತ್ತರದಲ್ಲಿ ಹೆಸರು ಬರುವುದು ಮುಖ್ಯವಾಗಿದೆ. ಇದಕ್ಕೆ ಜಿಇಒ (ಜನರೇಟಿವ್ ಎಂಜಿನ್ ಆಪ್ಟಿಮೈಸೇಶನ್) ಎಂಬ ಹೆಸರು ಬಂದದ್ದು ಪ್ರಿನ್ಸ್‌ಟನ್, ದಿಲ್ಲಿಯ ಐಐಟಿ ಮೊದಲಾದೆಡೆಯ ಸಂಶೋಧಕರು 2023ರಲ್ಲಿ ಬರೆದ ಪ್ರಬಂಧದಿಂದ. ಅವರು 10,000 ಪ್ರಶ್ನೆಗಳ ಸಂಗ್ರಹ ಇಟ್ಟುಕೊಂಡು ಬರಹವನ್ನು ಬಗೆಬಗೆಯಾಗಿ ತಿದ್ದಿ ನೋಡಿದರು. ಮೂಲಗಳನ್ನು ಹೆಸರಿಸಿದ, ಅಂಕಿಅಂಶ ಸೇರಿಸಿದ, ಬಲ್ಲವರ ಮಾತನ್ನು ಉಲ್ಲೇಖಿಸಿದ ಪುಟಗಳು ಯಂತ್ರದ ಉತ್ತರಗಳಲ್ಲಿ ಕಾಣಿಸಿಕೊಳ್ಳುವ ಪ್ರಮಾಣ 40%ವರೆಗೂ ಏರಿತು. ಪದ ತುರುಕುವ ಹಳೆಯ ಚಾಳಿಯಿಂದ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ. ಇದು ನನಗೆ ತುಂಬಾ ಹಿಡಿಸಿದ ಸಂಗತಿ.

ಬರೆಯುವವರು ಗಮನಿಸಬೇಕಾದ ಸೂಕ್ಷ್ಮ ಇನ್ನೊಂದಿದೆ. ಯಂತ್ರ ಎತ್ತಿಕೊಳ್ಳುವುದು ಇಡೀ ಲೇಖನವನ್ನಲ್ಲ, ಒಂದು ತುಣುಕನ್ನು. 'ಇದಕ್ಕೆ ಕಾರಣ ಮೇಲೆ ಹೇಳಿದ್ದೇ' ಎಂದು ಶುರುವಾಗುವ ಪ್ಯಾರಾ ಕತ್ತರಿಸಿ ತೆಗೆದ ಮೇಲೆ ಯಾವುದಕ್ಕೂ ಉತ್ತರವಾಗುವುದಿಲ್ಲ. ಅದೇ ಜಾಗದಲ್ಲಿ 'ಮೆಟ್ಟಿಲು ಹತ್ತುವಾಗ ಮಂಡಿಚಿಪ್ಪಿನ ಹಿಂಭಾಗಕ್ಕೆ ಒತ್ತಡ ಹೆಚ್ಚುತ್ತದೆ' ಎಂದು ಬರೆದರೆ ಆ ವಾಕ್ಯ ಎಲ್ಲಿಗೆ ಹೋದರೂ ತನ್ನ ಅರ್ಥ ಹೊತ್ತೇ ಹೋಗುತ್ತದೆ. ಮನುಷ್ಯ ಓದುಗರಿಗೂ ಅದೇ ಹಿತ.

ನನ್ನನ್ನು ಕಾಡುವ ಚಿಂತೆ ಬೇರೆ. ಸರ್ಚ್ ಎಂಜಿನ್‌ಗೂ ಬರೆಯುವವರಿಗೂ ನಡುವೆ ಒಂದು ಅಲಿಖಿತ ಒಪ್ಪಂದ ಇತ್ತು: ನೀನು ನನ್ನ ಪುಟ ಓದು, ನನಗೆ ಓದುಗರನ್ನು ಕಳಿಸು. ಈಗ ಓದುವುದು ನಡೆದೇ ಇದೆ, ಕಳಿಸುವುದು ಕಡಿಮೆಯಾಗಿದೆ. ಓದುಗರೇ ಬಾರದಿದ್ದರೆ ಆ ವೈದ್ಯರು ಮುಂದಿನ ಲೇಖನ ಬರೆಯುವುದು ಯಾರಿಗಾಗಿ? ಅವರು ಬರೆಯದಿದ್ದರೆ ನಾಳೆ ಯಂತ್ರ ಎತ್ತಿಕೊಳ್ಳುವುದು ಏನನ್ನು?

ಬಾಗಿಲು ಹಾಕೋಣವೆಂದರೆ ಅದೂ ಸಲೀಸಲ್ಲ. ಪುಟಗಳನ್ನು ತಾನೇ ಓದುತ್ತಾ ಹೋಗುವ ತಂತ್ರಾಂಶಕ್ಕೆ ಬಾಟ್ ಎನ್ನುತ್ತಾರೆ. ಯಾವ ಬಾಟ್ ಏನನ್ನು ಓದಬಹುದು ಎಂದು ಹೇಳುವ ರೋಬಾಟ್ಸ್ ಟೆಕ್ಸ್ಟ್ ಎಂಬ ಕಡತವನ್ನು 1994ರಲ್ಲಿ ಮಾರ್ಟೈನ್ ಕೋಸ್ಟರ್ ಸೂಚಿಸಿದರು. ಅದು ಬೀಗವಲ್ಲ, ಗೇಟಿಗೆ ತೂಗುಹಾಕಿದ ವಿನಂತಿ. ಗೌರವಿಸುವವರು ಗೌರವಿಸುತ್ತಾರೆ, ಅಷ್ಟೇ. 2025ರಲ್ಲಿದ್ದ ವ್ಯವಸ್ಥೆಯಂತೆ ಎಐ ಓವರ್‌ವ್ಯೂಗೂ ಮಾಮೂಲಿ ಹುಡುಕಾಟಕ್ಕೂ ಪುಟ ಓದುವುದು ಒಂದೇ ಗೂಗಲ್‌ಬಾಟ್. ಅದನ್ನು ತಡೆದರೆ ಹುಡುಕಾಟದಿಂದಲೇ ಮಾಯವಾಗಬೇಕಾಗುತ್ತದೆ.

2025ರ ಜುಲೈ 1ರಂದು ಜಾಲತಾಣಗಳ ವೇಗ, ಭದ್ರತೆ ನೋಡಿಕೊಳ್ಳುವ ಕ್ಲೌಡ್‌ಫ್ಲೇರ್ ಕಂಪನಿ ಬೇರೆ ದಾರಿ ತೋರಿಸಿತು. ತನ್ನ ಜಾಲಕ್ಕೆ ಹೊಸದಾಗಿ ಸೇರುವ ತಾಣಗಳಲ್ಲಿ ಎಐ ಬಾಟ್‌ಗಳಿಗೆ ಮೊದಲಿನಿಂದಲೇ ತಡೆ, ಓದಬೇಕಾದರೆ ಹಣ ಕೇಳುವ ಪ್ರಯೋಗವೂ ಜೊತೆಗೆ. ಪುಟ ಸಿಗದಾಗ ಬರುವ 404 ಎಲ್ಲರಿಗೂ ಗೊತ್ತು. 'ಹಣ ಪಾವತಿ ಅಗತ್ಯ' ಎಂಬ ಅರ್ಥದ 402 ಸಂಕೇತವನ್ನೂ 1990ರ ದಶಕದಲ್ಲೇ ಮುಂದಿನ ಬಳಕೆಗೆಂದು ಕಾದಿರಿಸಲಾಗಿತ್ತು. ಇಷ್ಟು ವರ್ಷ ಹೆಚ್ಚುಕಮ್ಮಿ ಮೂಲೆಯಲ್ಲೇ ಬಿದ್ದಿದ್ದ ಆ ಸಂಖ್ಯೆಯನ್ನು ಈ ಪ್ರಯೋಗದಲ್ಲಿ ಸರ್ವರ್‌ಗಳು ಬೆಲೆಯೊಂದಿಗೆ ಬಾಟ್‌ಗಳಿಗೆ ಕಳಿಸುತ್ತವೆ.